ಶಾಲಿನಿ ಆರಿಸಿದ ಪರದೆ

ಮೂಡಿಗೆರೆಯ ಶಾಲಿನಿ ಎಷ್ಟು ಮದುವಣಗಿತ್ತಿಯರ ಮೊಡವೆ ತೆಗೆದಿದ್ದಾಳೆ ಎಂಬುದು ಅವಳಿಗೇ ಗೊತ್ತಿಲ್ಲ. ಚರ್ಮದ ಡಾಕ್ಟರಲ್ಲ, ಮದುವೆ ಆಲ್ಬಮ್ ಮಾಡುವವಳು. ಗಂಡ ಶಶಿಧರ್ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ಅವನು ತೆಗೆದ ಫೋಟೋಗಳು, ಅವುಗಳ ಜೊತೆಗೆ ಕಳಸದ ಇನ್ನೊಂದು ಸ್ಟುಡಿಯೋದವರು ಕಳಿಸಿದ ಫೋಟೋಗಳು, ಎಲ್ಲವೂ ಕಡೆಗೆ ಬಂದು ಸೇರುವುದು ಶಾಲಿನಿಯ ಮನೆಯ ನಡುಕೋಣೆಯ ಮೇಜಿಗೆ. ಅಲ್ಲಿ ಕೂತು ಅವಳು ವಧುವಿನ ಮುಖದ ಎಣ್ಣೆ ಒರೆಸುತ್ತಾಳೆ, ವರನ ಹೊಟ್ಟೆ ಒಳಗೆ ತಳ್ಳುತ್ತಾಳೆ, ಧಾರೆಯ ಹೊತ್ತಿಗೆ ಸರಿಯಾಗಿ ಆಕಳಿಸಿದ ಸೋದರಮಾವನ ಬಾಯಿ ಮುಚ್ಚಿಸುತ್ತಾಳೆ. ಹಿಂದೆ ನಿಂತ ಜೆಸಿಬಿ, ಕರೆಂಟ್ ಕಂಬ, ಬಂಡೆ, ನೀಲಿ ಪ್ಲಾಸ್ಟಿಕ್ ಕೊಡ, ಕಣ್ಣಿಗೆ ಅಡ್ಡ ಬಂದದ್ದೆಲ್ಲ ಅವಳ ಕೈಯಲ್ಲಿ ಮಾಯ. ಇಷ್ಟು ಮಾಡಿದರೂ ಆಲ್ಬಮ್ಮಿನ ಕೊನೆಯ ಪುಟದಲ್ಲಿ ಬಂಗಾರದ ಅಕ್ಷರದಲ್ಲಿರುವುದು ಶಶಿಧರನ ಹೆಸರು. ಬೇರೆಯವರಾಗಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಶಾಲಿನಿಗೆ ಅದರ ಪರಿವೆಯೇ ಇಲ್ಲ.

ಅವಳಿಗೆ ಇನ್ನೊಂದು ಗೀಳಿತ್ತು. ಸಂಜೆ ಕೆಲಸ ಮುಗಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟ. ನಿಜವಾದ ರಸ್ತೆಯಲ್ಲಿ ಸ್ಕೂಟಿ ಹತ್ತಲೂ ಹೆದರುವ ಹೆಂಗಸು ಪರದೆಯ ಮೇಲೆ ಮಾತ್ರ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಹಾರ್ನ್ ಹೊಡೆದುಕೊಂಡು ಉದ್ದ ಬಸ್ಸನ್ನು ತಿರುಗಿಸುತ್ತಿದ್ದಳು. ‘ಅಮ್ಮನ ಬಸ್ಸಿಗೆ ಟಿಕೆಟ್ ತಗೊಂಡೋರು ಇನ್ಶೂರೆನ್ಸೂ ಮಾಡಿಸ್ಬೇಕು’ ಎಂದು ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಮಗಳು ಕವನಾ ರೇಗಿಸುತ್ತಿದ್ದಳು.

ನಗುನಗುತ್ತಲೇ ಇರುವ ಈ ಹೆಂಗಸಿಗೆ ಒಂದು ವಿಷಯದಲ್ಲಿ ಮಾತ್ರ ತಮಾಷೆ ಆಗದು. ಅವಳ ತವರು ಗೋಣಿಬೀಡಿನ ಹತ್ತಿರದ ಹಳ್ಳಿ. ಅಪ್ಪ ಬೇಗ ತೀರಿಹೋಗಿದ್ದರಿಂದ ಬೆಳೆದದ್ದು ದೊಡ್ಡಪ್ಪ ಕೃಷ್ಣಪ್ಪನವರ ಮನೆಯಲ್ಲಿ. ಇದ್ದ ಚೂರು ಕಾಫಿ ತೋಟದಲ್ಲೇ ಅವಳನ್ನು ಚಿಕ್ಕಮಗಳೂರಿಗೆ ಕಳಿಸಿ ಓದಿಸಿ, ಕಂಪ್ಯೂಟರ್ ಕ್ಲಾಸಿಗೂ ಸೇರಿಸಿದವರು ಅವರು. ಒಂದು ಬೆಳಿಗ್ಗೆ ಸ್ಪ್ರಿಂಕ್ಲರ್ ಪೈಪು ಬದಲಿಸಲು ತೋಟಕ್ಕೆ ಹೋದ ದೊಡ್ಡಪ್ಪ ತಿಂಡಿಯ ಹೊತ್ತಾದರೂ ಬರಲಿಲ್ಲ. ಕರೆಯಲು ಹೋದವಳು ಶಾಲಿನಿ. ಅವಳು ಹೋಗುವಷ್ಟರಲ್ಲಿ ಆನೆ ಹೊರಟುಹೋಗಿತ್ತು. ಅಲ್ಲಿ ಏನು ಕಂಡಳೆಂದು ಅವಳು ಈವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಅವತ್ತಿನಿಂದ ಅವಳು ಕಾಫಿ ಗಿಡಗಳ ಸಾಲಿನೊಳಗೆ ಕಾಲಿಟ್ಟಿಲ್ಲ. ಇಂಥ ಕಡೆ ಆನೆ ಇದೆ, ಎಚ್ಚರ ಎಂದು ಫೋನಿನ ಗ್ರೂಪಿಗೆ ಮೆಸೇಜು ಬಂದರೆ ಮನೆಯವರು ಯಾರೂ ಆ ದಿಕ್ಕಿಗೆ ತಲೆ ಹಾಕುವಂತಿಲ್ಲ. ಶಶಿಧರನೂ ಈ ಕಟ್ಟಳೆಗೆ ತಲೆಬಾಗಿ ಎಷ್ಟೋ ಕೆಲಸ ಬಿಟ್ಟುಕೊಟ್ಟಿದ್ದ. ಹಾಗೆಂದು ಅವಳು ನಂಬಿದ್ದಳು.

ಮದುವೆಗೆ ಮುಂಚೆ ಜೋಡಿಯನ್ನು ತೋಟಕ್ಕೆ ಕರೆದೊಯ್ದು ಫೋಟೋ ತೆಗೆಸುವ ಶೋಕಿ ನಮ್ಮ ಕಡೆಗೂ ಬಂದಮೇಲೆ ಶಶಿಧರ್ ಕಳಸದ ರಸ್ತೆಯಲ್ಲಿ ಒಂದು ಹಳೆಯ ಎಸ್ಟೇಟ್ ಹುಡುಕಿಕೊಂಡಿದ್ದ. ಸಣ್ಣ ಹಳ್ಳ, ಹಳ್ಳದಾಚೆ ತಾಳೆ ಜಾತಿಯ ಬಗನಿ ಮರಗಳ ಗುಂಪು, ಈಚೆಗೆ ಇಳಿಜಾರಿನ ತುಂಬ ಕಾಫಿ. ಹೂ ಬಿಟ್ಟ ವಾರದಲ್ಲಿ ಅಲ್ಲಿ ನಿಂತರೆ ಯಾರಾದರೂ ಚೆನ್ನಾಗಿಯೇ ಕಾಣಬೇಕು. ‘ಆ ಮಗ್ಗುಲಿಗೆ ಆನೆ ಬಂದಿದ್ದೇ ಇಲ್ಲ, ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರನ್ನೇ ಕೇಳಿದೀನಿ’ ಎಂದು ಅವನು ಹೆಂಡತಿಗೆ ಭರವಸೆ ಕೊಟ್ಟಿದ್ದ. ಆ ಮಾತಿನ ಮೇಲೆಯೇ ಶಾಲಿನಿ ಕವನಾಳನ್ನೂ ಅವನ ಜೊತೆ ಕಳಿಸುತ್ತಿದ್ದಳು. ಮುಖದ ಮೇಲೆ ಬೆಳಕು ಬೀಳುವಂತೆ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಹಿಡಿದು ನಿಲ್ಲುವುದು ಕವನಾಳ ಕೆಲಸ.

ಈ ಮಾರ್ಚಿನಲ್ಲಿ ಶಾಲಿನಿಯ ಹಳೆಯ ಮಾನಿಟರ್ ಕೈಕೊಟ್ಟಿತು. ಮೊದಲೇ ಪುಟ್ಟದು, ಮಂಕು. ಕಪ್ಪು ಸೀರೆಯ ಅಂಚೂ ಕಪ್ಪಾಗಿಯೇ ಕಾಣುವಂಥದ್ದು. ಈಗ ಅದರಲ್ಲಿ ಮೇಲಿಂದ ಕೆಳಗೆ ಒಂದು ಹಸಿರು ಗೀಟು ಬಂದು, ಪ್ರತಿ ಮದುಮಗಳ ಮುಖವೂ ಎರಡು ಭಾಗವಾಯಿತು. ಗಂಡ ಹೆಂಡತಿ ಚಿಕ್ಕಮಗಳೂರಿನ ಬಸ್ಸು ಹತ್ತಿದರು.

ಅಂಗಡಿಯ ರೇಣುಕಪ್ರಸಾದ್ ಮಾತುಗಾರ. ಒಂದರ ಪಕ್ಕ ಒಂದು ಎರಡು ಮಾನಿಟರ್ ಹಚ್ಚಿಟ್ಟ. ಒಂದು ಮೂವತ್ತೆರಡು ಇಂಚಿನದು, ಬಾಗಿದ ಪರದೆ, ನೋಡಲು ಗಂಭೀರ. ಇನ್ನೊಂದು ಇಪ್ಪತ್ತೇಳು ಇಂಚಿನ ಫೋರ್‌ಕೆ.

“ನೋಡಿ ಮೇಡಂ, ದೊಡ್ದು ಆಟದೋರಿಗೆ ಅಂತಲೇ ಮಾಡಿರೋದು. ಪಟಪಟ ಅಂತ ಓಡುತ್ತೆ, ಬಸ್ಸು ತಿರುಗಿಸಿದ್ರೆ ಚೂರೂ ಎಳೆಯಲ್ಲ. ಆದ್ರೆ ಚುಕ್ಕೆ ಕಮ್ಮಿ. ಹತ್ರ ಕೂತ್ರೆ ಅಕ್ಷರ ಒಡೆದಂಗೆ ಕಾಣುತ್ತೆ. ಈ ಫೋರ್‌ಕೆಲಿ ಅದರ ನಾಲ್ಕರಷ್ಟು ಚುಕ್ಕೆ ಇದೆ. ಫೋಟೋ ಕೆಲ್ಸ ಮಾಡೋರು ಇದನ್ನೇ ತಗೊಳೋದು.”

“ದೊಡ್ದೇ ಇರ್ಲಿ,” ಎಂದ ಶಶಿಧರ್, ಹೆಂಡತಿ ಬಾಯಿ ತೆಗೆಯುವ ಮೊದಲೇ. “ಆಲ್ಬಮ್ಮಿಗೆ ಇಷ್ಟೆಲ್ಲ ಯಾಕೆ ಮಾರಾಯ್ರೆ? ಜನ ಒಂದ್ಸಲ ನೋಡಿ ಬೀರುವಲ್ಲಿ ಇಡ್ತಾರೆ. ಫೋರ್‌ಕೆ ತಗೊಂಡ್ರೆ ನಮ್ಮ ಕಂಪ್ಯೂಟರ್ ಅದನ್ನ ಎಳೆಯೋದೂ ಇಲ್ಲ. ಇವಳ ಬಸ್ಸು ಘಾಟಿಲಿ ನಿಂತು ಹೋಗುತ್ತೆ.”

“ಆಟಕ್ಕೆ ಮಾತ್ರ ರೆಸಲ್ಯೂಷನ್ ಇಳಿಸ್ಕೊಂಡ್ರೆ ಆಯ್ತಲ್ಲ ಸರ್. ಕೆಲ್ಸಕ್ಕೆ ಪೂರ್ತಿ ಇಟ್ಕೊಳಿ,” ಎಂದ ರೇಣುಕಪ್ರಸಾದ್. “ನಿಮ್ದೇ ಫೋಟೋ ಇದ್ರೆ ಕೊಡಿ, ಎರಡರಲ್ಲೂ ಹಾಕಿ ತೋರಿಸ್ತೀನಿ.”

ಶಾಲಿನಿ ಪೆನ್‌ಡ್ರೈವ್ ಕೊಟ್ಟಳು. ಅವಳೇ ತಿದ್ದಿ, ಅವಳೇ ಮೆಚ್ಚಿಕೊಂಡಿದ್ದ ಒಂದು ಮದುಮಗಳ ಮುಖ ಎರಡೂ ಪರದೆಯ ಮೇಲೆ ಮೂಡಿತು. ಬಾಗಿದ ಪರದೆಯಲ್ಲಿ ಹುಡುಗಿ ಲಕ್ಷಣವಾಗಿದ್ದಳು. ಫೋರ್‌ಕೆಯಲ್ಲಿ ಗೋಡೆಗೆ ಸುಣ್ಣ ಬಳಿದ ಹಾಗಿತ್ತು ಮುಖ. ಅವಳ ಬ್ರಶ್ಶು ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಎಂಬುದು ಗೆರೆ ಎಳೆದಂತೆ ಕಾಣುತ್ತಿತ್ತು. ಕುತ್ತಿಗೆ ಒಂದು ಬಣ್ಣ, ಗಲ್ಲ ಒಂದು ಬಣ್ಣ.

“ಅಯ್ಯೋ ದೇವ್ರೆ! ನಾನು ಇಷ್ಟು ವರ್ಷ ಇಂಥದ್ದು ಮಾಡಿ ಕೊಟ್ಟಿದೀನಾ?” ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಮುಂದಿಂದೂ ನೋಡೋಣ,” ಎಂದು ರೇಣುಕಪ್ರಸಾದ್ ಬಟನ್ ಒತ್ತಲು ಹೋದ. ಅಷ್ಟರಲ್ಲಿ ಶಶಿಧರ್ ಕೈ ಚಾಚಿ ಪೆನ್‌ಡ್ರೈವ್ ಕಿತ್ತುಕೊಂಡ. ಬಸ್ಸಿಗೆ ಹೊತ್ತಾಯಿತಂತೆ. ಅವರ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

“ನಂಗೆ ಇದೇ ಬೇಕು,” ಎಂದಳು ಶಾಲಿನಿ ಫೋರ್‌ಕೆ ಮುಟ್ಟಿ. ಮದುವೆಯಾದಮೇಲೆ ಅವಳು ಇಷ್ಟು ಗಟ್ಟಿಯಾಗಿ ಕೇಳಿದ್ದು ಕಡಿಮೆ. ಶಶಿಧರ್ ಇನ್ನೆರಡು ಸಲ ಬೇಡವೆಂದು ನೋಡಿ ಸುಮ್ಮನಾದ. ಬಸ್ಸಿನಲ್ಲಿ ಮೂಡಿಗೆರೆ ಬರುವವರೆಗೂ ಅವನು ಬಾಯಿ ಬಿಡಲಿಲ್ಲ. ಹೆಂಡತಿ ಗೆದ್ದಳೆಂದು ಮುನಿಸು ಅಂತ ಶಾಲಿನಿ ಒಳಗೊಳಗೇ ನಕ್ಕಳು. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿ ಗುಂಡಿಗೂ ಮಗುವಿನ ತಲೆ ಹಿಡಿದಂತೆ ಹಿಡಿದುಕೊಂಡಳು.

ಭಾನುವಾರ ಬೆಳಿಗ್ಗೆ ಶಶಿಧರ್ ಒಂದು ಗೃಹಪ್ರವೇಶಕ್ಕೆ ಕ್ಯಾಮೆರಾ ಹೊತ್ತು ಹೋದ. ಕವನಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಶಾಲಿನಿ ಹೊಸ ಪರದೆಯ ಮುಂದೆ ಕೂತಳು. ಮೊದಲು ಬಸ್ಸು ಓಡಿಸಿ ನೋಡಿದಳು. ದಾರಿಯ ಹುಲ್ಲು ಕೂಡ ಬಿಡಿಬಿಡಿಯಾಗಿ ಕಂಡು, ಅದನ್ನೇ ನೋಡುತ್ತ ಬಸ್ಸನ್ನು ಚರಂಡಿಗೆ ಇಳಿಸಿದಳು. ಸಾಕು, ಕೆಲಸ ಎಂದುಕೊಂಡು ಬಾಕಿಯಿದ್ದ ಜೋಡಿಯ ಫೋಟೋ ತೆರೆದಳು. ಕಳಸದ ರಸ್ತೆಯ ಅದೇ ಎಸ್ಟೇಟ್, ಅದೇ ಹಳ್ಳ. ಬುಧವಾರ ಇನ್ನೊಂದು ಜೋಡಿಯನ್ನು ಅಲ್ಲಿಗೇ ಕರೆದೊಯ್ಯುವುದಿತ್ತು. ಎಸ್ಟೇಟಿನವರು ಸ್ಪ್ರಿಂಕ್ಲರ್ ಹೊಡೆದು ಹೂ ಬಿಡಿಸಿದ್ದರು, ಕವನಾ ಹಾಕಿಕೊಳ್ಳುವ ಚೂಡಿದಾರವನ್ನೂ ಇಸ್ತ್ರಿ ಮಾಡಿಟ್ಟುಕೊಂಡಿದ್ದಳು.

ಜೋಡಿಯ ಹಿಂದೆ, ಬಗನಿ ಮರದ ನೆರಳಿನಲ್ಲಿ, ಆ ಬೂದು ಬಂಡೆ. ಆ ಜಾಗದ ಫೋಟೋಗಳಲ್ಲೆಲ್ಲ ಅದೊಂದು ಕಿರಿಕಿರಿ. ‘ಆ ಬಂಡೆ ತೆಗೆದುಬಿಡು ಮಾರಾಯ್ತಿ, ಅಸಹ್ಯ ಕಾಣುತ್ತೆ’ ಎಂದು ಶಶಿಧರ್ ಪ್ರತಿಸಲವೂ ಹೇಳುತ್ತಿದ್ದ. ಅವಳು ಪಕ್ಕದ ಎಲೆಗಳನ್ನೇ ಎಳೆದು ಅದರ ಮೇಲೆ ಮುಚ್ಚುತ್ತಿದ್ದಳು. ಇವತ್ತೂ ಹಾಗೇ ಮಾಡಲು ಹಿಗ್ಗಿಸಿದಳು. ಹಳೆಯ ಪರದೆಯಲ್ಲಿ ಬರೀ ಕತ್ತಲೆಯಾಗಿದ್ದ ನೆರಳಿನೊಳಗೆ ಈಗ ಎಲೆ, ಬಳ್ಳಿ, ಜೇಡರ ಬಲೆ ಎಲ್ಲ ಇದ್ದವು. ಬಂಡೆಯ ಮೇಲೆ ಸುಕ್ಕುಗಳಿದ್ದವು. ಸುಕ್ಕುಗಳ ನಡುವೆ ಒಂದು ಕಣ್ಣಿತ್ತು.

ಶಾಲಿನಿ ಕುರ್ಚಿಯನ್ನು ಹಿಂದಕ್ಕೆ ದೂಡಿ ಎದ್ದವಳು ಜಗಲಿಗೆ ಓಡಿದಳು. ಆನೆ ನಡುಕೋಣೆಯಲ್ಲೇ ನಿಂತಿದೆ ಎಂಬಂತೆ ಓಡಿದಳು. ರಸ್ತೆಯಲ್ಲಿ ಯಾರೋ ಮೀನು ಮಾರಿಕೊಂಡು ಹೋಗುತ್ತಿದ್ದರು. ಆ ಕೂಗು ಕೇಳಿದಮೇಲೆ ತಾನು ಮೂಡಿಗೆರೆಯಲ್ಲಿ, ತನ್ನ ಮನೆಯಲ್ಲಿದ್ದೇನೆ ಎಂಬ ಅರಿವು ಬಂತು. ಗೋಡೆ ಹಿಡಿದುಕೊಂಡು ಒಳಗೆ ಬಂದು ಮತ್ತೆ ನೋಡಿದಳು. ಕಿವಿ, ಅದರಂಚು ಹರಿದಿದೆ. ದಂತ ಬಗನಿಯ ಕಾಂಡದ ಹಿಂದೆ ಅರ್ಧ ಮರೆ.

ಹಿಂದಿನ ಜೋಡಿಗಳ ಮೂಲ ಫೋಟೋಗಳನ್ನು ತೆರೆದಳು. ಒಂದರಲ್ಲಿ ಬಂಡೆ ಮರದ ಎಡಕ್ಕಿತ್ತು. ಇನ್ನೊಂದರಲ್ಲಿ ಬಲಕ್ಕೆ. ಮತ್ತೊಂದರಲ್ಲಿ ಹಳ್ಳಕ್ಕೆ ಇಳಿದು ನಿಂತಿತ್ತು. ಎಲ್ಲದರಲ್ಲೂ ಅದೇ ಹರಿದ ಕಿವಿ. ಬಂಡೆ ಜಾಗ ಬದಲಿಸುವುದಿಲ್ಲ ಎಂಬ ಸಣ್ಣ ಮಾತು ಇಷ್ಟು ದಿನ ಅವಳಿಗೆ ಹೊಳೆದಿರಲೇ ಇಲ್ಲ. ದೊಡ್ಡಪ್ಪನನ್ನು ಕೊಂದ ಜಾತಿಯ ಪ್ರಾಣಿಯನ್ನು ಅವಳು ತನ್ನ ಕೈಯಾರೆ, ಎಲೆ ಮುಚ್ಚಿ, ಎರಡು ವರ್ಷದಿಂದ ಅಡಗಿಸುತ್ತ ಬಂದಿದ್ದಳು. ಅದರ ಮುಂದೆ ಬೆನ್ನು ತಿರುಗಿಸಿ ನಿಂತು ಎಷ್ಟು ಮಕ್ಕಳು ನಕ್ಕಿದ್ದರು!

ಆಗ ಅವಳಿಗೆ ಕವನಾ ನೆನಪಾದಳು.

ಆಲ್ಬಮ್ಮಿಗೆ ಬೇಡವೆಂದು ಬಿಟ್ಟ ಫೋಟೋಗಳೆಲ್ಲ ಶಶಿಧರನ ಹಾರ್ಡ್‌ಡಿಸ್ಕಿನಲ್ಲಿರುತ್ತಿದ್ದವು. ಆರಿಸುವುದು ಅವನು, ತಿದ್ದುವುದು ಇವಳು. ಉಳಿದದ್ದನ್ನು ನೋಡುವ ಗೋಜಿಗೆ ಶಾಲಿನಿ ಹೋದವಳಲ್ಲ. ಇವತ್ತು ಡ್ರಾಯರಿನಿಂದ ಅದನ್ನು ತೆಗೆದು ಚುಚ್ಚಿದಳು. ಹುಡುಕಲು ಕಷ್ಟವಾಗಲಿಲ್ಲ. ಜೋಡಿ ಪಕ್ಕಕ್ಕೆ ಸರಿದು ನೀರು ಕುಡಿಯುತ್ತಿದೆ. ನಡುವೆ ಕವನಾ ಒಬ್ಬಳೇ, ಬೆಳ್ಳಿ ತಟ್ಟೆಯಂಥ ರಿಫ್ಲೆಕ್ಟರನ್ನು ಎದೆಗವಚಿಕೊಂಡು, ಅಪ್ಪ ಏನೋ ಹೇಳಿದ್ದಕ್ಕೆ ನಗುತ್ತಿದ್ದಾಳೆ. ಅವಳ ಬೆನ್ನ ಹಿಂದೆ, ಒಂದು ಹಳ್ಳದಷ್ಟೇ ಅಂತರದಲ್ಲಿ, ಅದು ನೆರಳಿನಿಂದ ಪೂರ್ತಿ ಹೊರಗೆ ಬಂದು ನಿಂತಿದೆ.

ಶಾಲಿನಿ ಶಶಿಧರನಿಗೆ ಫೋನ್ ಮಾಡಿ “ಈಗಿಂದೀಗ್ಲೆ ಬನ್ನಿ” ಎಂದಷ್ಟೇ ಹೇಳಿದಳು. ಪಾಪ, ಅವನಿಗೂ ಗೊತ್ತಿಲ್ಲ, ನೋಡಿದರೆ ಅಲ್ಲೇ ಕುಸಿದುಬೀಳುತ್ತಾನೆ ಎಂದುಕೊಂಡು ಒಂದು ಲೋಟ ನೀರನ್ನೂ ತಂದಿಟ್ಟಳು.

ಶಶಿಧರ್ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ಪರದೆ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಅವನು ಬೆಚ್ಚಲಿಲ್ಲ.

ಆ ಬೆಳಿಗ್ಗೆ ಶಾಲಿನಿಗೆ ಆನೆಯ ಕಣ್ಣು ಕಂಡಾಗ ಆದದ್ದು ಒಂದು ಬಗೆಯ ಆಘಾತ. ಗಂಡ ಬೆಚ್ಚದೆ ನಿಂತದ್ದನ್ನು ಕಂಡಾಗ ಆದದ್ದರ ಮುಂದೆ ಅದು ಏನೂ ಅಲ್ಲ.

“ನಿಮಗೆ ಗೊತ್ತಿತ್ತು,” ಎಂದಳು.

ಅವನು ನೀರು ಕುಡಿದ. ಲೋಟವನ್ನು ಕೆಳಗಿಡಲು ಜಾಗ ಹುಡುಕುವವನಂತೆ ಅತ್ತಿತ್ತ ನೋಡಿದ.

“ಮೊದಲ ಸಲ ಗೊತ್ತಿರ್ಲಿಲ್ಲ ಕಣೇ. ಸತ್ಯವಾಗ್ಲೂ. ಎರಡನೇ ಸಲ ಹೋದಾಗ ಕಂಡ್ತು. ನಂಗೂ ಕೈಕಾಲು ಬಿದ್ದೇ ಹೋಯ್ತು. ಆದ್ರೆ ಅದು ಏನೂ ಮಾಡ್ಲಿಲ್ಲ. ಸುಮ್ನೆ ನಿಂತು ನೋಡ್ತು, ಹೋಯ್ತು. ರೈಟ್ರೂ ಹೇಳಿದ್ರು, ಅದೊಂದು ಸಾಧು, ಬಗನಿ ತಿನ್ನಕ್ಕೆ ಬರುತ್ತೆ ಅಷ್ಟೆ ಅಂತ. ನಿಂಗೆ ಹೇಳಿದ್ರೆ ನೀನು ಉಳಿಯಲ್ಲ ಅಂತ ಹೇಳ್ಲಿಲ್ಲ.”

“ಬಂಡೆ ಅಂದ್ರಿ.”

“ಮತ್ತೇನು ಅನ್ಲಿ?”

“ನನ್ ಕೈಲೇ ಅಳಿಸಿದ್ರಿ. ಚುಕ್ಕೆ ಕಮ್ಮಿ ಇರೋ ಆ ಮಾನಿಟರೇ ಸಾಕು ಅಂತ ಅಂಗಡಿಲಿ ಅಷ್ಟು ಜಗ್ಗಾಡಿದ್ರಿ!”

ಶಶಿಧರ್ ಕುರ್ಚಿಯ ತುದಿಯಲ್ಲಿ ಕೂತ. ಅವನು ಕೆಟ್ಟವನಲ್ಲ. ಈ ಮಾತು ಹೇಳದಿದ್ದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ, ಹೇಳಿದರೆ ಶಾಲಿನಿಗೆ. ಇಪ್ಪತ್ತು ವರ್ಷದಿಂದ ಅವನು ತೆಗೆದದ್ದು ಕಣ್ಣು ಮುಚ್ಚಿಕೊಂಡ ಪಾಸ್‌ಪೋರ್ಟ್ ಫೋಟೋ, ಸಾಲಾಗಿ ನಿಂತ ಬೀಗರು, ಐಸ್‌ಕ್ರೀಮ್ ಸ್ಟಾಲು.

“ಅದು ನಿಂತಿದ್ದ ರೀತಿ ನೀನು ನೋಡಿಲ್ಲ ಶಾಲಿನಿ,” ಎಂದ ಮೆಲ್ಲಗೆ. “ನಗಿ ಅನ್ನಂಗಿಲ್ಲ, ಗದ್ದ ಎತ್ತಿ ಅನ್ನಂಗಿಲ್ಲ. ಅದ್ರಷ್ಟಕ್ಕೆ ಅದು. ನಾನು ತೆಗೆದಿದ್ರಲ್ಲಿ ಫೋಟೋ ಅಂತ ಇರೋದು ಅದೊಂದೇ.”

“ಆ ಫೋಟೋದಲ್ಲಿ ನಿಮ್ಮ ಮಗಳಿದಾಳೆ ರೀ!”

ಶಾಲಿನಿ ಫೋನು ತೆಗೆದುಕೊಂಡು ಪರದೆಗೆ ಹಿಡಿದಳು. ಆ ಫೋಟೋದ ಫೋಟೋ ತೆಗೆದಳು. ಎಸ್ಟೇಟಿನ ಹೆಸರು, ಹಳ್ಳದ ಗುರುತು ಬರೆದು ಆನೆ ಗ್ರೂಪಿಗೆ ಹಾಕಲು ಹೊರಟಳು.

“ಹಾಕ್ಬೇಡ ಮಾರಾಯ್ತಿ,” ಶಶಿಧರ್ ಎದ್ದು ನಿಂತ. “ಎಸ್ಟೇಟ್‌ನೋರು ಇನ್ಮೇಲೆ ಗೇಟೊಳಗೆ ಬಿಡಲ್ಲ. ಫಾರೆಸ್ಟ್‌ನೋರು ಬಂದು ಪಟಾಕಿ ಹೊಡೆದು ಅದನ್ನ ಓಡಿಸ್ತಾರೆ. ಬುಧವಾರದ್ದೊಂದು ಆಗ್ಲಿ. ಕವನಾನ ಕರ್ಕೊಂಡು ಹೋಗಲ್ಲ, ಆಯ್ತಾ?”

“ಆ ಹುಡುಗಿಗೂ ಅಮ್ಮ ಇದಾಳೆ.” ಶಾಲಿನಿ ಬಟನ್ ಒತ್ತಿದಳು. ಮೆಸೇಜು ಹೋಯಿತು. ಆಮೇಲೆ ಬುಧವಾರದ ಹುಡುಗಿಗೂ ಅದನ್ನೇ ಕಳಿಸಿದಳು.

ಹಿತ್ತಲ ಬಾಗಿಲಲ್ಲಿ ಕವನಾ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ ಇಬ್ಬರಿಗೂ ತಿಳಿಯಲಿಲ್ಲ. ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಅವಳು ಪರದೆಯನ್ನೇ ನೋಡುತ್ತಿದ್ದಳು. ಹಿಂದೆ ಏನಿದೆ ಎಂಬುದು ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಈಗಲೂ ಬೆನ್ನ ಹಿಂದೆ ಏನೋ ಇದೆ ಎಂಬಂತೆ ಒಂದು ಸಲ ತಿರುಗಿ ಹಿತ್ತಲನ್ನು ನೋಡಿದಳು.

“ಹೆದರ್ಬೇಡ ಪುಟ್ಟಾ,” ಎಂದು ಶಶಿಧರ್ ಅವಳತ್ತ ಬಂದ. ಅವನ ದನಿ ಒಡೆದಿತ್ತು. “ನಾನು ಇದ್ನಲ್ಲ ಅಲ್ಲಿ. ನಿನ್ನ ಬಿಟ್ಟು ಆಚೆ ಈಚೆ ನೋಡ್ಲಿಲ್ಲ ನಾನು. ನನ್ ಕಣ್ಣು ಪೂರಾ ನಿನ್ ಮೇಲೇ ಇತ್ತು. ಅದು ಒಂದು ಹೆಜ್ಜೆ ಇಟ್ಟಿದ್ರೂ ಎತ್ಕೊಂಡು ಓಡ್ತಿದ್ದೆ. ದೇವ್ರಾಣೆ.”

ಕವನಾ ಬಂದು ಅಮ್ಮನ ಕುರ್ಚಿಯಲ್ಲಿ ಕೂತಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮೌಸ್ ಹಿಡಿದಳು. ಮೊದಲು ತನ್ನ ಮುಖವನ್ನು ಹಿಗ್ಗಿಸಿದಳು. ಆ ಪರದೆಯಲ್ಲಿ ಏನನ್ನೂ ಮುಚ್ಚಿಡಲು ಬರುತ್ತಿರಲಿಲ್ಲ. ಅವಳ ಹುಬ್ಬು, ತುಟಿ, ನಗು ಎಲ್ಲ ಆವಿ ಕೂತ ಕನ್ನಡಿಯಲ್ಲಿ ಕಂಡಂತೆ ಮಸುಕು. ಮೌಸನ್ನು ಮೆಲ್ಲಗೆ ಹಿಂದಕ್ಕೆ, ಹಳ್ಳದಾಚೆಗೆ ಸರಿಸಿದಳು. ಆನೆಯ ರೆಪ್ಪೆಯ ಕೂದಲು ಒಂದೊಂದೂ ಬಿಡಿಬಿಡಿಯಾಗಿತ್ತು. ಕಣ್ಣಂಚಿನ ಒದ್ದೆಯಲ್ಲಿ ಆಕಾಶದ ಚೂರೂ ಕಾಣುತ್ತಿತ್ತು. ಶಶಿಧರನ ಫೋಟೋದಲ್ಲಿ ತಪ್ಪಿ ಬೇರೇನೋ ಸ್ಪಷ್ಟವಾಗುವುದಿಲ್ಲ, ಅವನು ಕಣ್ಣಿಟ್ಟದ್ದೇ ಸ್ಪಷ್ಟವಾಗುತ್ತದೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

“ಅಪ್ಪ,” ಎಂದಳು ಕವನಾ, ತಿರುಗಿ ನೋಡದೆ. “ಫೋಕಸ್ ನನ್ ಮೇಲೆ ಇಲ್ಲ.”